ತಕಿಟದ ‘ತ’ ಕಾಲಿನದು

ಪಶ್ಚಿಮ ಆಫ್ರಿಕಾದ ಏವೆ ಜನರ ಚರ್ಮವಾದ್ಯ ಕಲಿಯಲು ಕೂತ ಮೊದಲ ಪಾಠದ ದಿನ ನನ್ನ ಗುರುಗಳು ನನಗೆ ಯಾವ ವಾದ್ಯವನ್ನೂ ಕೊಡಲಿಲ್ಲ. ಅವರು ಜೋಡಿಗಂಟೆಯನ್ನು ಬಾರಿಸತೊಡಗಿದ ಕೂಡಲೇ ನನ್ನ ಬಲಗೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕಲು ಆರಂಭಿಸಿತ್ತು. ಚಿಕ್ಕಂದಿನಿಂದ ಮೈಗೂಡಿದ ಅಭ್ಯಾಸ ಅದು. ಅವರು ಬಾರಿಸುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, “ಅದು ಬೇಡ ಮಗಳೇ, ಕಾಲು” ಎಂದರು. ಆಮೇಲೆ ಎದ್ದು ನಿಂತು, ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಬಲ ಎಡ ಬಲ ಎಡ ಎಂದು ನಿಧಾನವಾಗಿ ಹೆಜ್ಜೆ ಹಾಕುತ್ತಾ ಗಂಟೆಯನ್ನು ಮತ್ತೆ ಆರಂಭಿಸಿದರು. ಅಂದು ಒಂದೂವರೆ ಗಂಟೆ ನಡೆದ ಪಾಠದಲ್ಲಿ ನಾನು ಕಲಿತದ್ದು ಇಷ್ಟೇ: ಅವರ ಗಂಟೆಗೆ ನಿಂತಲ್ಲೇ ಹೆಜ್ಜೆ ಹಾಕುವುದು. ಅದೂ ಅಂದು ಸರಿಯಾಗಿ ಬರಲಿಲ್ಲ.

ಯಜಮಾನರ ಕೆಲಸದ ಕಾರಣ ಮೂರು ವರ್ಷ ನಾವು ಘಾನಾ ದೇಶದ ತೆಮಾ ಎಂಬ ಬಂದರು ಪಟ್ಟಣದಲ್ಲಿದ್ದೆವು. ನಾನು ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಓದಿ ಬೆಳೆದದ್ದು ದಾವಣಗೆರೆಯಲ್ಲಿ. ಇಲ್ಲಿಯೇ ಎಂಟು ವರ್ಷ ಭರತನಾಟ್ಯ ಕಲಿತಿದ್ದೆ, ಹೆಜ್ಜೆಗಳಿಗೆ ಬಾಯಲ್ಲಿ ಹೇಳುವ ಸೊಲ್ಲುಕಟ್ಟು ಬಾಯಿಪಾಠವಾಗಿತ್ತು, ತಾಳದ ವಿಷಯದಲ್ಲಿ ನನಗೆ ತಕ್ಕಷ್ಟು ಧೈರ್ಯವೂ ಇತ್ತು. ತೆಮಾದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಶನಿವಾರ ಸಂಜೆ ಚರ್ಮವಾದ್ಯಗಳ ಸದ್ದು ಕೇಳುತ್ತಿತ್ತು. ಅದು ಏವೆ ಜನರ ಒಂದು ಸಂಘ. ಊರು ಬಿಟ್ಟು ಅಕ್ರಾ, ತೆಮಾಗಳಿಗೆ ದುಡಿಯಲು ಬಂದ ಏವೆಗಳು ಇಂತಹ ಸಂಘಗಳನ್ನು ಕಟ್ಟಿಕೊಳ್ಳುತ್ತಾರೆ. ಅವರ ಮಾತಿನಲ್ಲಿ ‘ಹಬೊಬೊ’. ವಾರದ ಬಾಜಾ ಬಜಂತ್ರಿ, ಕುಣಿತ ಅಲ್ಲಿಯೇ. ಸದಸ್ಯರ ಮನೆಯಲ್ಲಿ ಸಾವಾದರೆ ಹೆಗಲು ಕೊಡುವುದೂ ಅದೇ ಸಂಘ. ನಮ್ಮ ಕಡೆಯ ಭಜನಾ ಮಂಡಳಿಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೂರು ನಾಲ್ಕು ವಾರ ಬೇಲಿಯ ಬಳಿ ನಿಂತು ಕೇಳಿದ ಮೇಲೆ ಅಲ್ಲಿನ ಹಿರಿಯರೊಬ್ಬರು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. ಅವರೇ ನನ್ನ ಗುರುಗಳಾದರು. ಎಲ್ಲರೂ ಅವರನ್ನು ‘ತೊಗ್ಬಿ’ ಎನ್ನುತ್ತಿದ್ದರು, ಅಂದರೆ ಅಜ್ಜ. ನಾನೂ ಹಾಗೆಯೇ ಕರೆದೆ. ಕುಣಿತವನ್ನು ಕಲಿಸಿದವರು ಅವರ ತಮ್ಮನ ಮಗಳು, ನನಗಿಂತ ಐದಾರು ವರ್ಷ ದೊಡ್ಡವರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ.

ಏವೆ ಜನರ ನಾಡು ಘಾನಾದ ಆಗ್ನೇಯ ಮೂಲೆಯ ವೋಲ್ಟಾ ಪ್ರದೇಶದಿಂದ ಟೋಗೊ ದೇಶದ ದಕ್ಷಿಣ ಭಾಗದವರೆಗೆ, ಇನ್ನೂ ಆಚೆ ಬೆನಿನ್‌ವರೆಗೆ ಹರಡಿದೆ. ನನ್ನ ಗುರುಗಳು ಸಮುದ್ರ ತೀರದ ಆನ್ಲೊ ಏವೆಗಳು. ಅವರ ಭಾಷೆಯಲ್ಲಿ ‘ವು’ ಎಂದರೆ ಚರ್ಮವಾದ್ಯ; ಬಾರಿಸುವುದು, ಹಾಡುವುದು, ಕುಣಿಯುವುದು ಎಲ್ಲವೂ ಸೇರಿದ ಇಡೀ ಕೂಟಕ್ಕೂ ಅದೇ ಹೆಸರು. ನಾನು ಮೊದಲು “ಬಾರಿಸುವುದನ್ನು ಮಾತ್ರ ಕಲಿಸಿ, ಕುಣಿತ ಆಮೇಲೆ ನೋಡೋಣ” ಎಂದು ಕೇಳಿಕೊಂಡಿದ್ದೆ. ನಾನು ಏನು ಕೇಳುತ್ತಿದ್ದೇನೆ ಎಂಬುದು ತೊಗ್ಬಿಯವರಿಗೆ ಬಹಳ ಹೊತ್ತು ಅರ್ಥವಾಗಲಿಲ್ಲ. ಎಲ್ಲಕ್ಕೂ ಸೇರಿ ಒಂದೇ ಹೆಸರಿರುವ ಕಡೆ ನಾನು ಎರಡನ್ನೂ ಬೇರೆ ಮಾಡಿ ಕೇಳಿದ್ದೆ.

ವಾದ್ಯಗಳನ್ನು ಹೇಳಿಬಿಡುತ್ತೇನೆ. ಗಾಂಕೋಗ್ವಿ ಎಂಬುದು ಒಂದೇ ಹಿಡಿಯ ಎರಡು ಬಾಯಿಯ ಕಬ್ಬಿಣದ ಗಂಟೆ. ದೊಡ್ಡದರ ಬೆನ್ನಿಗೆ ಚಿಕ್ಕದು ಅಂಟಿಕೊಂಡಿರುತ್ತದೆ, ಕೋಲಿನಿಂದ ಹೊಡೆಯುತ್ತಾರೆ. ಅಹಾತ್ಸೆ ಎಂದರೆ ಸೋರೆಬುರುಡೆಯ ಮೇಲೆ ಮಣಿಗಳ ಬಲೆ ಹೆಣೆದ ಗಿಲಕಿ. ಕೂತು ಅದನ್ನು ತೊಡೆಗೂ ಅಂಗೈಗೂ ತಟ್ಟುತ್ತಾ ನುಡಿಸಬೇಕು. ಚರ್ಮವಾದ್ಯಗಳಲ್ಲಿ ಚಿಕ್ಕದು ಕಾಗಾನು, ನಡುವಿನದು ಕಿದಿ, ಅದಕ್ಕಿಂತ ದೊಡ್ಡದು ಸೋಗೊ. ಎಲ್ಲಕ್ಕಿಂತ ಎತ್ತರದ ಆತ್ಸಿಮೆವು ಆಳೆತ್ತರಕ್ಕೆ ಹತ್ತಿರವಿರುವುದರಿಂದ ಅದನ್ನು ಮರದ ಊರೆಗೋಲಿಗೆ ಓರೆಯಾಗಿ ಒರಗಿಸಿ, ಪಕ್ಕದಲ್ಲಿ ನಿಂತು ಬಾರಿಸುತ್ತಾರೆ. ಹಿಂದೆ ಮರದ ದಿಮ್ಮಿಯನ್ನು ಕೊರೆದು ಮಾಡುತ್ತಿದ್ದರಂತೆ. ಈಗಿನವು ಪೀಪಾಯಿಯ ಹಾಗೆ ಮರದ ಪಟ್ಟಿಗಳನ್ನು ಒಟ್ಟಾಗಿ ನಿಲ್ಲಿಸಿ, ಕಬ್ಬಿಣದ ಬಳೆ ಬಿಗಿದು ಮಾಡಿದವು. ಬಾಯಿಗೆ ಜಿಂಕೆಯ ಜಾತಿಯ ಪ್ರಾಣಿಯ ಚರ್ಮ, ಸುತ್ತಲೂ ಅದನ್ನು ಎಳೆದು ಹಿಡಿಯುವ ಮರದ ಗೂಟಗಳು.

ನಾನು ಕಲಿತದ್ದು ಬಹುಪಾಲು ‘ಅಗ್ಬಾಡ್ಜಾ’. ಹಿಂದೆ ಯುದ್ಧದ ಕುಣಿತವಾಗಿದ್ದ ‘ಆತ್ರಿಕ್‌ಪುಯಿ’ಯಿಂದ ಬೆಳೆದು ಬಂದ ಅದು ಈಗ ಮದುವೆ, ಹಬ್ಬ, ಸಾವು ಎಲ್ಲದರಲ್ಲಿಯೂ ಎಲ್ಲರೂ ಸೇರಿ ಕುಣಿಯುವ ಕುಣಿತ. ಅದರಲ್ಲಿ ಆತ್ಸಿಮೆವು ಬರುವುದಿಲ್ಲ, ಮುಂದಾಳತ್ವ ಸೋಗೊವಿನದು.

ಇನ್ನು ಗಂಟೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಗ್ಬಾಡ್ಜಾದ ಗಂಟೆ 12 ಮಾತ್ರೆಗಳ ಒಂದು ಸುತ್ತು. ಅದರಲ್ಲಿ 7 ಪೆಟ್ಟುಗಳು: 1, 3, 5, 6, 8, 10 ಮತ್ತು 12ನೆಯ ಮಾತ್ರೆಗಳಲ್ಲಿ. ನಾನು ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಮೂರು ಮೂರು ಮಾತ್ರೆಗಳ ನಮ್ಮ ತಿಶ್ರ ನಡೆಗೆ ಕೂರಿಸಿದ್ದು. ತಕಿಟ ತಕಿಟ ತಕಿಟ ತಕಿಟ, ನಾಲ್ಕು ಮೂರಲೆ ಹನ್ನೆರಡು. ಕೂತಿತು. ಮೊದಲ ತಕಿಟದಲ್ಲಿ ಗಂಟೆ ‘ತ’ ಮತ್ತು ‘ಟ’ಗಳಲ್ಲಿ, ಎರಡನೆಯದರಲ್ಲಿ ‘ಕಿ’ ಮತ್ತು ‘ಟ’ಗಳಲ್ಲಿ, ಮೂರನೆಯದರಲ್ಲಿ ‘ಕಿ’ ಒಂದರಲ್ಲಿ, ನಾಲ್ಕನೆಯದರಲ್ಲಿ ಮತ್ತೆ ‘ತ’ ಮತ್ತು ‘ಟ’ಗಳಲ್ಲಿ ಬರುತ್ತದೆ. ಲೆಕ್ಕ ಸರಿಯಾಗಿದೆ ಎಂದು ಸಂತೋಷಪಟ್ಟು, ಮುಂದಿನ ಶನಿವಾರ ಹೋಗಿ ತೊಗ್ಬಿಯವರ ಮುಂದೆ ಗಂಟೆಯನ್ನು ಒಂದೂ ತಪ್ಪಿಲ್ಲದೆ ಬಾರಿಸಿದೆ. ಅವರು ತಲೆಯಾಡಿಸಿ, “ಈಗ ನಡೆ” ಎಂದರು. ಹೆಜ್ಜೆ ಹಾಕಿದ್ದೇ ತಡ, ಎಲ್ಲ ಚೆಲ್ಲಾಪಿಲ್ಲಿಯಾಯಿತು.

ಏಕೆಂದರೆ ಕಾಲು ಬೀಳಬೇಕಾದ ಜಾಗಗಳು ನಾಲ್ಕು ‘ತ’ಗಳು, ಅಂದರೆ 1, 4, 7 ಮತ್ತು 10ನೆಯ ಮಾತ್ರೆಗಳು. ಗಂಟೆ ಅವುಗಳಲ್ಲಿ ಎರಡಕ್ಕೆ ಮಾತ್ರ ಜೊತೆ ಕೊಡುತ್ತದೆ: ಮೊದಲನೆಯದಕ್ಕೆ ಮತ್ತು ಕೊನೆಯದಕ್ಕೆ. ಎರಡನೆಯ ಮತ್ತು ಮೂರನೆಯ ಹೆಜ್ಜೆಗಳು ಗಂಟೆಯ ಮೌನದಲ್ಲಿ ಬೀಳುತ್ತವೆ. ಅಲ್ಲಿ ಕಾಲಿಗೆ ಯಾವ ಆಸರೆಯೂ ಇಲ್ಲ, ಕಾಲೇ ಆಸರೆ. ನಮ್ಮ ನೃತ್ಯದಲ್ಲಿ ತಾಳವನ್ನು ಗುರುಗಳು ತಟ್ಟುಕೋಲಿನಲ್ಲಿ ಹಿಡಿದಿರುತ್ತಾರೆ, ಕಾಲು ಅದಕ್ಕೆ ಉತ್ತರ ಕೊಡುತ್ತದೆ. ಇಲ್ಲಿ ಹೊರಗೆ ಕೇಳುವ ಯಾವ ವಾದ್ಯವೂ ನಾಲ್ಕು ಎಣಿಕೆಗಳನ್ನು ಸರಳವಾಗಿ ಬಾರಿಸುವುದಿಲ್ಲ. ಅದನ್ನು ಹಿಡಿದಿರುವುದು ಕುಣಿಯುವವರ ಪಾದಗಳು. ಇದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು, ಮೈಗೆ ಬರಲು ಮತ್ತೆ ನಾಲ್ಕು ತಿಂಗಳು.

ಇನ್ನೊಂದು ದಿನ ತೊಗ್ಬಿಯವರು ಅದೇ ಗಂಟೆಯನ್ನು ಬಾರಿಸುತ್ತಾ ನನಗೆ ನಾಲ್ಕರ ಬದಲು ಆರು ಹೆಜ್ಜೆ ಹಾಕಲು ಹೇಳಿದರು, ಎರಡು ಮಾತ್ರೆಗೆ ಒಂದರಂತೆ. ಗಂಟೆಯ ಮೊದಲ ಮೂರು ಪೆಟ್ಟುಗಳು ಕಾಲಿನ ಜೊತೆಗೇ ಬಂದವು. ಆಮೇಲಿನ ನಾಲ್ಕೂ ಹೆಜ್ಜೆಗಳ ನಡುವೆ ಬಿದ್ದವು. ಗಂಟೆ ಬದಲಾಗಿರಲಿಲ್ಲ, ವೇಗವೂ ಬದಲಾಗಿರಲಿಲ್ಲ, ಆದರೂ ನನಗೆ ಬೇರೊಂದು ಗಂಟೆ ಕೇಳಿದಂತಾಗಿ ನಾನು ನಿಂತುಬಿಟ್ಟೆ. ಎಂಟು ವರ್ಷದ ನೃತ್ಯಪಾಠದಲ್ಲಿ ನಡೆಗಳನ್ನು ಬದಲಿಸುವುದನ್ನು ಕಲಿತಿದ್ದೆ. ಏನನ್ನೂ ಬದಲಿಸದೆ ಕಾಲನ್ನು ಮಾತ್ರ ಬೇರೆಡೆ ಇಟ್ಟರೆ ಕೇಳುವ ಕಿವಿಯೇ ಬದಲಾಗುತ್ತದೆ ಎಂಬುದನ್ನು ಅಂದು ಕಂಡೆ.

ಗಂಟೆ, ಗಿಲಕಿಗಳು ಒಂದು ಹದಕ್ಕೆ ಬಂದ ಮೇಲೆ ಕಾಗಾನು ಕೈಗೆ ಬಂತು. ಎರಡು ತೆಳುವಾದ ಕೋಲುಗಳು, ಕಾಲುಗಳ ನಡುವೆ ಹಿಡಿದು ಕೂರುವಷ್ಟು ಸಣ್ಣ ವಾದ್ಯ. ಅದು ಬಾರಿಸುವುದು ಏನೆಂದರೆ ತಕಿಟದ ‘ಕಿಟ’. ಅಷ್ಟೇ. ‘ತ’ವನ್ನು ಬಿಟ್ಟು ಕಿಟ, ಮತ್ತೆ ‘ತ’ವನ್ನು ಬಿಟ್ಟು ಕಿಟ, ಗಂಟೆಗಟ್ಟಲೆ. ಇಡೀ ಮೇಳದಲ್ಲಿ ಇಷ್ಟು ಸುಲಭವಾದ ಪಾಠ ಇನ್ನೊಂದಿಲ್ಲವೆಂದು ಮಕ್ಕಳ ಕೈಗೆ ಮೊದಲು ಕೊಡುವ ವಾದ್ಯಗಳಲ್ಲಿ ಇದೂ ಒಂದು. ಆದರೆ ಬಿಟ್ಟ ‘ತ’ವನ್ನು ಯಾರಾದರೂ ಇಡಲೇಬೇಕು. ಕೂತವರು ಅದನ್ನು ಹಿಮ್ಮಡಿಯಲ್ಲೋ ಮೈಯ ತೂಗಾಟದಲ್ಲೋ ಇಡುತ್ತಾರೆ, ಎದುರಿಗೆ ಕುಣಿಯುವವರು ಪಾದದಲ್ಲಿ ಇಡುತ್ತಾರೆ. ಇಡುವುದನ್ನು ಮರೆತ ಕ್ಷಣದಲ್ಲಿ ಕಿವಿ ಮೋಸ ಮಾಡುತ್ತದೆ: ‘ಕಿಟ’ದ ‘ಕಿ’ಯೇ ಎಣಿಕೆಯ ಮೊದಲೆಂದು ತೋರತೊಡಗುತ್ತದೆ, ಎರಡು ಸುತ್ತಿನೊಳಗೆ ಕೈ ಜಾರಿ ‘ತ’ದ ಮೇಲೆ ಬಂದು ಕೂರುತ್ತದೆ. ಹಾಗೆ ಕೂತರೆ ಕುಣಿಯುವವರ ಕಾಲ ಕೆಳಗಿನ ನೆಲವನ್ನೇ ಎಳೆದ ಹಾಗೆ.

ನಾನು ಎಳೆದೆ. ಕಲಿಯಲು ತೊಡಗಿ ಒಂದು ವರ್ಷವಾಗಿದ್ದಾಗ ಸಂಘದ ಹಿರಿಯ ಸದಸ್ಯರೊಬ್ಬರ ಉತ್ತರಕ್ರಿಯೆಯ ಶನಿವಾರ ನನ್ನನ್ನು ಕಾಗಾನುವಿಗೆ ಕೂರಿಸಿದರು. ಕಪ್ಪು ಕೆಂಪು ಬಟ್ಟೆ ಉಟ್ಟ ಜನ, ಎರಡು ನೂರಕ್ಕೆ ಕಡಿಮೆಯಿರಲಿಲ್ಲ. ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಸೋಗೊ ಬಾರಿಸುತ್ತಿದ್ದವರು ಬರಿಗೈಯಲ್ಲಿ ಒಂದು ನುಡಿಯನ್ನು ಎತ್ತಿದರು, ಕಿದಿ ಅದಕ್ಕೆ ಉತ್ತರ ಕೊಟ್ಟಿತು, ಅವರು ಅದನ್ನೇ ತಿರುಗಿಸಿ ಇನ್ನೊಂದು ಕಡೆಯಿಂದ ಎತ್ತಿದರು. ಏವೆ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಪದದ ಅರ್ಥವೇ ಬದಲಾಗುತ್ತದೆ. ವಾದ್ಯದ ನುಡಿಗಳಿಗೂ ಮಾತಿನ ಆ ಏರಿಳಿತವಿರುತ್ತದೆ, ಆದ್ದರಿಂದ ತಿಳಿದವರು ಅದನ್ನು ಮಾತಿನ ಹಾಗೆ ಕೇಳಿ ನಗುತ್ತಾರೆ, ತಲೆದೂಗುತ್ತಾರೆ. ನಾನು ಆ ಸೊಬಗಿಗೆ ಸೋತು ಅವರ ಕೈಯನ್ನೇ ನೋಡುತ್ತಾ ಕೂತೆ. ಯಾವಾಗ ಜಾರಿದೆನೋ ನನಗೇ ತಿಳಿಯಲಿಲ್ಲ. ಜೋಡಿಯಾಗಿ ಮುಂದೆ ಬರುತ್ತಿದ್ದ ಇಬ್ಬರು ಹೆಂಗಸರು ಅರ್ಧದಲ್ಲಿ ನಿಂತು ನನ್ನ ಕಡೆ ನೋಡಿದಾಗಲೇ ಗೊತ್ತಾದದ್ದು. ಒಂಬತ್ತು ವರ್ಷದ ಹುಡುಗನೊಬ್ಬ ಓಡಿ ಬಂದು, ನನ್ನ ಕೈಯಿಂದ ಕೋಲುಗಳನ್ನು ಮೆಲ್ಲಗೆ ತೆಗೆದುಕೊಂಡು, ಒಂದು ಪೆಟ್ಟೂ ಕಳೆಯದೆ ಮುಂದುವರಿಸಿದ.

ನನಗೆ ಅಳು ಬಂದಿತ್ತು. ತೊಗ್ಬಿಯವರು ಆಮೇಲೆ ಹೇಳಿದ್ದು ಒಂದೇ ಮಾತು: “ನೀನು ಸೋಗೊವನ್ನು ನೋಡಿದೆ. ಕಾಗಾನು ಕಾಲನ್ನು ನೋಡಬೇಕು.”

ಕುಣಿತದ ಪಾಠ ಈ ಮಾತಿಗೆ ಮೈ ಕೊಟ್ಟಿತು. ಅಗ್ಬಾಡ್ಜಾದಲ್ಲಿ ಮಂಡಿ ಸಡಿಲವಾಗಿ ಬಗ್ಗಿರುತ್ತದೆ, ಬೆನ್ನು ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿರುತ್ತದೆ, ಮೊಣಕೈಗಳು ಮಡಚಿ ಪಕ್ಕದಲ್ಲಿರುತ್ತವೆ. ಚಲನೆಯ ಮೂಲವಿರುವುದು ಬೆನ್ನಿನ ಮೇಲ್ಭಾಗದಲ್ಲಿ: ಎರಡೂ ಹೆಗಲ ಹಲಗೆಗಳು ಹಿಂದಕ್ಕೆ ಸೇರಿ ಬಿಡುತ್ತವೆ, ಎದೆ ತೆರೆದು ಮುಚ್ಚುತ್ತದೆ, ತೋಳುಗಳು ಅದರ ಬೆನ್ನಿಗೇ ಹಕ್ಕಿಯ ರೆಕ್ಕೆಗಳಂತೆ ಆಡುತ್ತವೆ. ಅರೆಮಂಡಿಯಲ್ಲಿ ಬೆನ್ನನ್ನು ಕಂಬದಂತೆ ನಿಲ್ಲಿಸಿ ಬೆಳೆದ ನನ್ನ ಮೈಗೆ ಇದು ಬಹಳ ಕಷ್ಟವಾಯಿತು. ನಾನು ತೋಳನ್ನು ಆಡಿಸುತ್ತಿದ್ದೆ, ಬೆನ್ನು ಸುಮ್ಮನಿರುತ್ತಿತ್ತು. ಅಕ್ಕ ನನ್ನ ಹಿಂದೆ ನಿಂತು, ಎರಡು ಹೆಬ್ಬೆರಳುಗಳನ್ನು ನನ್ನ ಹೆಗಲ ಹಲಗೆಗಳ ನಡುವೆ ಒತ್ತಿ, “ಇದನ್ನು ಹಿಡಿ” ಎನ್ನುತ್ತಿದ್ದರು. ಬೆನ್ನಿನಿಂದ ಅವರ ಬೆರಳನ್ನು ಹಿಡಿಯಬೇಕು, ಬಿಡಬೇಕು. ವಾರಗಟ್ಟಲೆ ಇದೇ ಪಾಠ. ಒಂದು ಸಂಜೆ ಬೆನ್ನು ಹಿಡಿಯಿತು, ಕಾಲು ‘ತ’ದಲ್ಲಿ ಬಿತ್ತು, ಹಿಂದೆ ಆ ಹುಡುಗ ಬಾರಿಸುತ್ತಿದ್ದ ಕಿಟ ನನ್ನ ಎರಡು ಹೆಜ್ಜೆಗಳ ನಡುವಿನ ಜಾಗವನ್ನು ತುಂಬಿತು. ಆ ಸಂಜೆಯಿಂದ ಕಾಗಾನು ನನ್ನ ಕೈಯಲ್ಲಿ ಜಾರಿಲ್ಲ.

ಈ ಸಂಗೀತವನ್ನು ಕಾಗದಕ್ಕೆ ಇಳಿಸಲು ಶ್ರಮಿಸಿದವರು ಅನೇಕರು. ಎ. ಎಂ. ಜೋನ್ಸ್ ಎಂಬ ಆಂಗ್ಲ ಪಾದ್ರಿ ಡೆಸ್ಮಂಡ್ ಟೇ ಎಂಬ ಏವೆ ವಾದಕರ ಜೊತೆ ಕೂತು, ಒಂದೊಂದು ತಟ್ಟನ್ನೂ ಚಲಿಸುವ ಕಾಗದದ ಪಟ್ಟಿಯ ಮೇಲೆ ಗುರುತು ಮಾಡುವ ಯಂತ್ರವನ್ನು ಬಳಸಿ, ಏವೆ ಕುಣಿತಗಳ ಪೂರ್ಣ ಲಿಪಿಯನ್ನು 1959ರಲ್ಲಿ ಪ್ರಕಟಿಸಿದರು. ಪೆಟ್ಟುಗಳು ಎಲ್ಲೆಲ್ಲಿ ಬೀಳುತ್ತವೆ ಎಂಬುದು ಅದರಿಂದ ಜಗತ್ತಿಗೆ ತಿಳಿಯಿತು. ಆದರೆ ಅವರು ಪ್ರತಿಯೊಂದು ವಾದ್ಯಕ್ಕೂ ಬೇರೆ ಬೇರೆ ಆವರ್ತದ ಗೆರೆಗಳನ್ನು ಎಳೆದು, ಪ್ರತಿಯೊಬ್ಬರೂ ತಮ್ಮದೇ ತಾಳದಲ್ಲಿದ್ದಾರೆ ಎಂಬಂತೆ ತೋರಿಸಿದರು. ಏವೆ ಮೂಲದವರೇ ಆದ ವಿದ್ವಾಂಸ ಕೋಫಿ ಅಗಾವು ಅವರಂತಹವರು ಇದನ್ನು ಒಪ್ಪಲಿಲ್ಲ. ಕುಣಿಯುವವರ ಪಾದವನ್ನು ನೋಡಿದರೆ ಎಲ್ಲರಿಗೂ ಒಂದೇ ಎಣಿಕೆ ಇರುವುದು ಕಾಣುತ್ತದೆ ಎಂದು ವಾದಿಸಿದರು. ನಾನು ವಿದ್ವಾಂಸಳಲ್ಲ. ಆದರೆ ಆ ಶನಿವಾರ ಕಾಗಾನುವಿನ ಮುಂದೆ ಕೂತು ನಾನು ಮಾಡಿದ ತಪ್ಪು ಕಾಗದದ ಪಟ್ಟಿಯ ಮೇಲೆ ತಪ್ಪಾಗಿ ಕಾಣುತ್ತಿರಲಿಲ್ಲ, ಆ ಇಬ್ಬರು ಹೆಂಗಸರ ಕಾಲಿನಲ್ಲಿ ಕಂಡಿತು. ಆದ್ದರಿಂದ ನಾನು ಅಗಾವು ಅವರ ಪಕ್ಷ.

ಎರಡನೆಯ ವರ್ಷದ ನವೆಂಬರ್‌ನಲ್ಲಿ ತೊಗ್ಬಿಯವರು ನಮ್ಮನ್ನು ತಮ್ಮ ಸೀಮೆಗೆ ಕರೆದೊಯ್ದರು. ಸೊಗಕೋಪೆಯಲ್ಲಿ ವೋಲ್ಟಾ ನದಿಯ ಸೇತುವೆ ದಾಟಿ, ದಕ್ಷಿಣಕ್ಕೆ ತಿರುಗಿದರೆ ಒಂದು ಕಡೆ ಕೆಟಾದ ಹಿನ್ನೀರು, ಇನ್ನೊಂದು ಕಡೆ ಸಮುದ್ರ. ನಡುವಿನ ಮರಳ ಪಟ್ಟಿಯ ಮೇಲೆ ಆನ್ಲೊಗಾ. ಆ ಮರಳಿನಲ್ಲಿ ಅಳತೆ ಹಿಡಿದು ಪಾತಿ ಮಾಡಿ ಸಣ್ಣ ಈರುಳ್ಳಿ ಬೆಳೆಯುತ್ತಾರೆ. ಚಳ್ಳಕೆರೆ ಸೀಮೆಯ ಈರುಳ್ಳಿ ಹೊಲಗಳ ನಡುವೆ ಬೆಳೆದ ನನಗೆ ಆ ಪಾತಿಗಳ ಬದುವಿನ ಮೇಲೆ ನಡೆಯುವಾಗ ಹೊಟ್ಟೆಯೊಳಗೆ ಏನೋ ಆಯಿತು.

ಅಲ್ಲಿ ನವೆಂಬರ್‌ನ ಮೊದಲ ಶನಿವಾರ ಹೊಗ್ಬೆಟ್ಸೊಟ್ಸೊ ಹಬ್ಬ. ಪೂರ್ವಿಕರು ಈಗ ಟೋಗೊದಲ್ಲಿರುವ ನೊಟ್ಸಿಯೆ ಎಂಬ ಕೋಟೆಯೂರಿನಿಂದ, ಅಗೊಕೊಲಿ ಎಂಬ ಕ್ರೂರ ಅರಸನ ಕೈಯಿಂದ ತಪ್ಪಿಸಿಕೊಂಡು ಬಂದದ್ದರ ನೆನಪು ಅದು. ಕಥೆಯನ್ನು ತೊಗ್ಬಿಯವರು ಹೇಳಿದ್ದು ಹೀಗೆ: ಮಣ್ಣಿನ ಕೋಟೆಗೋಡೆ ಬಹಳ ದಪ್ಪ. ಹೆಂಗಸರು ಪಾತ್ರೆ ಬಟ್ಟೆ ತೊಳೆದ ನೀರನ್ನೆಲ್ಲ ದಿನವೂ ಗೋಡೆಯ ಒಂದೇ ಜಾಗಕ್ಕೆ ಎರಚಿ ಎರಚಿ ಅದನ್ನು ಮೆತ್ತಗೆ ಮಾಡಿದರು. ಹೊರಡುವ ರಾತ್ರಿ ಜೋರಾಗಿ ವಾದ್ಯ ಬಾರಿಸಿ ಕುಣಿದರು, ಕಾವಲಿನವರಿಗೆ ಏನೋ ಉತ್ಸವ ಎನಿಸುವಂತೆ. ಆ ಸದ್ದಿನ ಮರೆಯಲ್ಲಿ ಗೋಡೆಯನ್ನು ಒಡೆದು ಹೊರಬಿದ್ದರು. ಹೆಜ್ಜೆಗುರುತು ಊರಿನೊಳಕ್ಕೆ ಹೋದಂತೆ ಕಾಣಲೆಂದು ಹಿಂದುಹಿಂದಕ್ಕೆ ನಡೆದರು.

ನಾನು ನಮ್ಮ ಚಿತ್ರದುರ್ಗದ ಓಬವ್ವನ ಕಥೆ ಹೇಳದೆ ಇರಲಾಗಲಿಲ್ಲ. ಮದಕರಿ ನಾಯಕನ ಕಾಲ, ಹೈದರಾಲಿಯ ಮುತ್ತಿಗೆ, ಕಹಳೆಯ ಮುದ್ದಹನುಮ ಊಟಕ್ಕೆ ಮನೆಗೆ ಬಂದ ಹೊತ್ತು, ನೀರು ತರಲು ಹೋದ ಹೆಂಡತಿ ಕೋಟೆಯ ಕಿಂಡಿಯಲ್ಲಿ ಶತ್ರುಗಳು ನುಸುಳುವುದನ್ನು ಕಂಡದ್ದು, ಒನಕೆ ಹಿಡಿದು ನಿಂತದ್ದು. ಅವರ ಕಥೆಯಲ್ಲಿ ಜನ ಗೋಡೆಯಿಂದ ಹೊರಗೆ ಹೋಗುತ್ತಾರೆ, ನಮ್ಮದರಲ್ಲಿ ಶತ್ರುಗಳು ಒಳಗೆ ಬರುತ್ತಾರೆ. ಎರಡರಲ್ಲಿಯೂ ನೀರು ಹೊತ್ತ ಹೆಂಗಸರಿದ್ದಾರೆ, ವಾದ್ಯವಿದೆ. ತೊಗ್ಬಿಯವರು ಎಲ್ಲವನ್ನೂ ಕೇಳಿ, “ಒನಕೆಯ ಪೆಟ್ಟು ಎಷ್ಟೆಷ್ಟು ಹೊತ್ತಿಗೊಂದು ಬೀಳುತ್ತಿತ್ತು?” ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ನಾನು ಒಬ್ಬೊಬ್ಬನೇ ತೂರಿ ಬರುವಷ್ಟು ಇಕ್ಕಟ್ಟಾದ ಕಿಂಡಿಯನ್ನು ನೆನೆದು, ಬೆಂಚಿನ ಮೇಲೆ ತಟ್ಟಿ ತೋರಿಸಿದೆ.

ಆನ್ಲೊ ಸೀಮೆಯಲ್ಲಿ ವಾದ್ಯ ಬಾರಿಸುವುದು ಒಂದು ಕುಲದ ಕೆಲಸವಲ್ಲ. ಕೈ ಓಡುವ ಹುಡುಗ ಯಾರೇ ಆಗಲಿ ಅವನನ್ನು ಎಳೆದು ಕೂರಿಸುತ್ತಾರೆ. ಹೆಂಗಸರಿಗೆ ಮಾತ್ರ ರೂಢಿಯಲ್ಲಿ ಚರ್ಮವಾದ್ಯಗಳಿಲ್ಲ. ಹಾಡು, ಗಿಲಕಿ, ಕುಣಿತ ಅವರದು. ಹೊರಗಿನಿಂದ ಬಂದವಳೆಂದು ನನಗೆ ಕೊಟ್ಟ ರಿಯಾಯಿತಿ ಅಕ್ಕನಿಗೆ ಸಿಕ್ಕಿರಲಿಲ್ಲ, ಅದು ನನಗೆ ಚುಚ್ಚುತ್ತಲೇ ಇತ್ತು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ನನ್ನ ಊರಿನ ನೆನಪು. ನಮ್ಮಲ್ಲಿ ದೇವರ ಮೆರವಣಿಗೆಗೆ ಹಲಗೆ ಬಾರಿಸುವವರು ಮಾದಿಗರ ಕೇರಿಯಿಂದ ಬರುತ್ತಿದ್ದರು. ಅವರ ಹಲಗೆಯಿಲ್ಲದೆ ದೇವರು ಹೊರಡುತ್ತಿರಲಿಲ್ಲ, ಆದರೆ ದೇವರು ಗುಡಿಯೊಳಕ್ಕೆ ಹೋದ ಮೇಲೆ ಅವರು ಹೊರಗೇ ನಿಲ್ಲುತ್ತಿದ್ದರು. ತಲೆ ನರೆತವರನ್ನೂ ನಮ್ಮ ಮನೆಯ ಮಕ್ಕಳು ಹೆಸರು ಹಿಡಿದು ಏಕವಚನದಲ್ಲಿ ಕೂಗುತ್ತಿದ್ದೆವು. ಸಮುದ್ರ ದಾಟಿ ಹೋಗಿ ಒಬ್ಬ ಅಜ್ಜನ ಕಾಲ ಬಳಿ ಕೂತು ಮೂರು ವರ್ಷ ಚರ್ಮವಾದ್ಯ ಕಲಿತೆ. ನನ್ನೂರಿನ ಅಜ್ಜನ ಬಳಿ ಒಂದು ದಿನವೂ ಕೂರಲಿಲ್ಲ.

ದಾವಣಗೆರೆಗೆ ಮರಳಿದ ವರ್ಷ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋದೆ. ಜಾತ್ರೆಯ ವಾದ್ಯಗಳನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜಿದಾಗ ಉರುಮೆ ನರಳುವ ಹಾಗೆ ಮೊರೆಯುವುದು, ಹಲಗೆಗಳ ಸಿಡಿಲು, ಡೊಳ್ಳಿನವರ ಹಾರಾಟ. ಅಂದು ಮೊದಲ ಬಾರಿಗೆ ನನ್ನ ಕಣ್ಣು ಮುಂದೆ ನಿಂತು ಕುಣಿಯುತ್ತಾ ಬಾರಿಸುವ ದೊಡ್ಡ ಹಲಗೆಯವರನ್ನು ಬಿಟ್ಟು ಸಾಲಿನ ಕೊನೆಗೆ ಹೋಯಿತು. ಅಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಸಣ್ಣ ಹಲಗೆಯ ಮೇಲೆ ಒಂದೇ ತುಣುಕನ್ನು ಬಿಡದೆ ಬಾರಿಸುತ್ತಿದ್ದ, ಅವನ ಕಣ್ಣು ಮುಂದಿನವರ ಕಾಲುಗಳ ಮೇಲಿತ್ತು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ, ಯಾರೂ ಅವನಿಗೆ ದುಡ್ಡು ಅಂಟಿಸುತ್ತಿರಲಿಲ್ಲ. ನಾನು ತೇರು ನಿಲ್ಲುವವರೆಗೆ ಅವನ ಪಕ್ಕದಲ್ಲಿಯೇ ನಡೆದೆ.

ಅಲ್ಲಿಂದ ನಮ್ಮ ಹಳ್ಳಿಯ ಹಲಗೆಯ ಅಜ್ಜನ ಬಳಿಗೆ ಹೋಗುವ ಧೈರ್ಯ ಬಂತು. ಅವರ ಮಗ ದಾವಣಗೆರೆಯಲ್ಲಿ ಆಟೋ ಓಡಿಸುತ್ತಾರೆ. ಅಜ್ಜ ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗ ನಮ್ಮ ಮನೆಗೆ ಬರಬೇಕೆಂದು ಕೇಳಿಕೊಂಡೆ. ಬಂದರು. ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ಕೂರಲು ಹೋದವರನ್ನು ಒಳಗೆ ಕೂರಿಸಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ತಂದಿದ್ದ ಗಾಂಕೋಗ್ವಿ, ಕಾಗಾನು, ಕಿದಿಗಳನ್ನು ಮುಂದಿಟ್ಟೆ. ಗಂಟೆಯನ್ನು ಬಾರಿಸಿ, ಏನನ್ನೂ ವಿವರಿಸದೆ, ತೊಗ್ಬಿಯವರು ಮಾಡಿದಂತೆ ಹೆಜ್ಜೆ ಮಾತ್ರ ಹಾಕಿದೆ. ಅಜ್ಜ ನನ್ನ ಕಾಲನ್ನೇ ನೋಡಿದರು. ನಾಲ್ಕೈದು ಸುತ್ತು ಆದ ಮೇಲೆ ಕಾಗಾನುವಿನ ಕೋಲುಗಳನ್ನು ಎತ್ತಿಕೊಂಡು, ನಾನು ಹೇಳುವ ಮೊದಲೇ, ನನ್ನ ಹೆಜ್ಜೆಗಳ ನಡುವೆ ಎರಡೆರಡು ಪೆಟ್ಟು ಇಡತೊಡಗಿದರು. ನನಗೆ ಒಂದು ವರ್ಷ ಹಿಡಿದ ಪಾಠ. ಅರವತ್ತು ವರ್ಷ ಕುಣಿಯುತ್ತಲೇ ಬಾರಿಸಿದ ಮನುಷ್ಯನಿಗೆ ಕಾಲೆಂದರೇನು ಕೈಯೆಂದರೇನು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿರಲಿಲ್ಲ.

“ಕುಣಿಯೋರಿಗೆ ಜಾಗ ಬಿಟ್ಟು ಹೊಡೀತಾರೆ ಬಿಡವ್ವಾ ಇವರು” ಎಂದರು.

ಕಿದಿಯ ಮಾತು ಬೇರೆ. ಸಮುದ್ರದ ತೇವದಲ್ಲಿ ಹುಟ್ಟಿದ ಅದು ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಒಣಗಿ, ಪಟ್ಟಿಗಳ ನಡುವೆ ಬಿರುಕು ಬಿಟ್ಟು, ಹೊಡೆದರೆ ಡಬ್ಬದ ಸದ್ದು ಬರುತ್ತಿತ್ತು. ಅಜ್ಜ ಅದನ್ನು ತಿರುಗಿಸಿ ನೋಡಿ, “ಕಾಯಿಸಬೇಕು” ಎಂದು ಎದ್ದರು. ಹಲಗೆಯನ್ನು ಬಿಗಿ ಮಾಡಲು ನಮ್ಮವರು ಹುಲ್ಲು, ಕಾಗದ ಹೊತ್ತಿಸಿ ಬೆಂಕಿಯ ಮುಂದೆ ಹಿಡಿಯುತ್ತಾರೆ. ನಾನು ತಡೆದು, ಇದಕ್ಕೆ ಬೆಂಕಿಯಲ್ಲ, ನೀರು ಎಂದೆ. ಕಿದಿಯ ತಳ ಮುಚ್ಚಿರುತ್ತದೆ. ಅದರ ಸಣ್ಣ ತೂತಿನಿಂದ ಒಳಗೆ ನೀರು ಹೊಯ್ದು, ಚರ್ಮದ ಬಾಯಿಯನ್ನು ಕೆಳಗೆ ಮಾಡಿ ಬಿಟ್ಟರೆ ಚರ್ಮ ನೆನೆದು ಮೆತ್ತಗಾಗುತ್ತದೆ, ಮರದ ಪಟ್ಟಿಗಳೂ ಉಬ್ಬಿ ಕೂಡಿಕೊಳ್ಳುತ್ತವೆ. ಆಮೇಲೆ ನೀರು ಚೆಲ್ಲಿ, ಗೂಟಗಳನ್ನು ಬಡಿದು ಬಿಗಿ ಮಾಡಬೇಕು.

“ಚರ್ಮದ ಹೊಟ್ಟೆಗೆ ನೀರು ಹೊಯ್ತಾರಾ?” ಎಂದು ಅಜ್ಜ ಎರಡು ಸಲ ಕೇಳಿದರು. ಅವರ ಇಡೀ ಬಾಳಿನಲ್ಲಿ ನೀರು ವಾದ್ಯದ ಶತ್ರು; ಮಳೆ ಬಂದರೆ ಮೊದಲು ಹಲಗೆಯನ್ನು ಅಂಗಿಯೊಳಗೆ ಹಾಕಿಕೊಂಡು ಆಮೇಲೆ ತಾವು ಓಡಿದವರು. ಆದರೂ ತಂಬಿಗೆಯನ್ನು ತಾವೇ ಹಿಡಿದು, ಒಂದು ಹನಿಯೂ ಹೊರಗೆ ಬೀಳದಂತೆ ಹೊಯ್ದರು. ರಾತ್ರಿ ಮಗನ ಮನೆಗೆ ಹೋಗಿ ಬೆಳಿಗ್ಗೆ ಏಳಕ್ಕೆಲ್ಲ ಬಂದುಬಿಟ್ಟಿದ್ದರು, ಕಂಕುಳಲ್ಲಿ ಒಂದು ಮರದ ಕೊಡತಿ. ನೀರು ಚೆಲ್ಲಿ, ಒರೆಸಿ, ಒಂದು ಗೂಟ, ಅದರ ಎದುರಿನ ಗೂಟ, ಮತ್ತೆ ಪಕ್ಕದ್ದು, ಅದರ ಎದುರಿನದು ಎಂದು ಬಡಿಯುತ್ತಾ ಹೋದರು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಪ್ರತಿ ಸುತ್ತಿಗೂ ಬೆರಳಿನ ಗೆಣ್ಣಿನಿಂದ ಚರ್ಮವನ್ನು ತಟ್ಟಿ, ಕಿವಿಯನ್ನು ಹತ್ತಿರ ತಂದು ಕೇಳಿದರು. ನಾನು ಗಂಟೆಯನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದೆ.

“ಇನ್ನೊಂದು ಏಟು ಬೇಕು ಕಣವ್ವಾ, ಈ ಕಡೆಗೆ” ಎಂದು ಕೊಡತಿಯನ್ನು ಮತ್ತೆ ಎತ್ತಿದರು.